ಜ್ಯಾಮ್ ರೂಮಿನ ರಾತ್ರಿ: ರಸಿಕರಿಗೊಂದು ಕೈಪಿಡಿ

ಹವ್ಯಾಸಿ ರಾಕ್ ಬ್ಯಾಂಡೊಂದರ ತಾಲೀಮಿಗೆ ಮೊದಲ ಸಲ ಹೋದವರು ಅರ್ಧ ಗಂಟೆಯೊಳಗೆ ತಬ್ಬಿಬ್ಬಾಗುವುದುಂಟು. ಹಾಡು ಶುರುವಾಗುತ್ತದೆ, ಇಪ್ಪತ್ತು ಸೆಕೆಂಡಿಗೆ ನಿಲ್ಲುತ್ತದೆ. ಬೇಸ್ ನುಡಿಸುವವಳು ಏನೋ ಹೇಳುತ್ತಾಳೆ, ಡ್ರಮ್ಮರ್ ತಲೆಯಾಡಿಸುತ್ತಾನೆ, ಮತ್ತೆ ಅದೇ ಇಪ್ಪತ್ತು ಸೆಕೆಂಡು. ಕಛೇರಿ ಕೇಳಿ ಅಭ್ಯಾಸವಾದ ಕಿವಿಗೆ ಇದು ಸಂಗೀತವೇ ಅಲ್ಲ ಅನ್ನಿಸಬಹುದು. ಆದರೆ ನಾಟಕದ ತಾಲೀಮಿಗೆ ಹೋಗಿ ಕೂತವರಿಗೆ ಗೊತ್ತು: ಪ್ರದರ್ಶನದ ದಿನ ಮುಚ್ಚಿಹೋಗುವ ಹೊಲಿಗೆಗಳೆಲ್ಲ ಅಲ್ಲಿ ಹೊರಗೇ ಕಾಣುತ್ತಿರುತ್ತವೆ. ಬ್ಯಾಂಡಿನ ತಾಲೀಮಿನ ರುಚಿ ಇರುವುದೂ ಆ ಹೊಲಿಗೆಗಳಲ್ಲೇ.

ಇಲ್ಲಿ ಮಾತು ಕವರ್ ಬ್ಯಾಂಡಿನ ತಾಲೀಮಿನದು; ಕವರ್ ಬ್ಯಾಂಡ್ ಎಂದರೆ ಬೇರೆಯವರ ಹಾಡುಗಳನ್ನು ನುಡಿಸುವ ತಂಡ. ಬೆಂಗಳೂರಿಗೆ ರಾಕ್ ಸಂಗೀತದ ನಂಟು ಇಂದಿನದಲ್ಲ. ಅರಮನೆ ಮೈದಾನಕ್ಕೆ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದು ನುಡಿಸಿ ಹೋಗಿವೆ. ಆ ಹಾಡುಗಳನ್ನು ತಮ್ಮ ಕೈಯಿಂದಲೇ ಹೊರಡಿಸಬೇಕೆಂಬ ಆಸೆಯವರಿಗಾಗಿ ಊರಿನ ಬಡಾವಣೆಗಳಲ್ಲಿ ಗಂಟೆ ಲೆಕ್ಕದ ಜ್ಯಾಮ್ ರೂಮುಗಳಿವೆ. ಗೋಡೆಗೆ ಫೋಮು, ನೆಲಕ್ಕೆ ಕಾರ್ಪೆಟ್ಟು. ಡ್ರಮ್ ಸೆಟ್ಟು, ಆ್ಯಂಪು, ಮೈಕು ಅಲ್ಲೇ ಇರುತ್ತವೆ. ಕೋಲು, ಗಿಟಾರು, ಪೆಡಲುಗಳನ್ನು ಮನೆಯಿಂದ ಹೊತ್ತು ತರಬೇಕು. ಆಫೀಸು ಮುಗಿಸಿ, ಟ್ರಾಫಿಕ್ಕು ದಾಟಿ ಬಂದವರಿಗೆ ಸಿಗುವುದು ಎರಡೋ ಮೂರೋ ಗಂಟೆ. ಬಾಡಿಗೆಯ ಗಡಿಯಾರ ಓಡುತ್ತಿದ್ದರೂ ಅದೇ ನಾಲ್ಕು ಸಾಲನ್ನು ಹತ್ತು ಸಲ ನುಡಿಸುವವರ ಬಗ್ಗೆ ಗೌರವ ಹುಟ್ಟದೆ ಇರದು.

ಹೊಸ ಕೇಳುಗ ಮೊದಲು ಕಿವಿಯನ್ನು ಕಾಪಾಡಿಕೊಳ್ಳಬೇಕು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯಾಷ್‌ನ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಬಂದರೆ ಉಳಿಯುವುದು 15 ನಿಮಿಷ. ಸಣ್ಣ ಕೋಣೆಯೊಳಗೆ ಡ್ರಮ್ಮು ಆ ಮಟ್ಟವನ್ನು ಸಲೀಸಾಗಿ ಮುಟ್ಟುತ್ತದೆ. ಇಯರ್‌ಪ್ಲಗ್ ಹಾಕಿಕೊಂಡರೆ ಸಂಗೀತ ಕಳೆದುಹೋಗುತ್ತದೆ ಎಂಬ ಅಳುಕು ಬೇಡ. ಸಂಗೀತಗಾರರಿಗೆಂದೇ ಮಾಡಿದವು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಒಂದೇ ಸಮನೆ ತಗ್ಗಿಸುತ್ತವೆ. ಸದ್ದು ಇಳಿಯುತ್ತದೆ, ಹಾಡು ಹಾಗೇ ಇರುತ್ತದೆ. ಕೂರುವ ಜಾಗವೂ ಮುಖ್ಯ. ಗಿಟಾರ್ ಆ್ಯಂಪಿನ ಚೂಪು ಸ್ವರಗಳು ಟಾರ್ಚಿನ ಬೆಳಕಿನ ಹಾಗೆ ನೇರ ಮುಂದಕ್ಕೆ ಹೋಗುತ್ತವೆ, ಬೇಸ್ ಮೂಲೆಗಳಲ್ಲಿ ಗುಡ್ಡೆಯಾಗುತ್ತದೆ. ಹಾಗಾಗಿ ಆ್ಯಂಪಿನ ಎದುರೂ ಅಲ್ಲದ, ಮೂಲೆಯೂ ಅಲ್ಲದ, ಡ್ರಮ್ಮರ್‌ನ ಮುಖ ಕಾಣುವ ಜಾಗ ಒಳ್ಳೆಯದು. ಮುಖ ಏಕೆ ಕಾಣಬೇಕೆಂಬುದು ಆಮೇಲೆ ತಿಳಿಯುತ್ತದೆ.

ಮೊದಲ ಪಾಠಕ್ಕೆ ಡೀಪ್ ಪರ್ಪಲ್‌ನ ‘ಸ್ಮೋಕ್ ಆನ್ ದ ವಾಟರ್’ಗಿಂತ ಒಳ್ಳೆಯ ಹಾಡು ಸಿಗುವುದು ಕಷ್ಟ. 1971ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೂದಲ್ಲಿ ಫ್ರ್ಯಾಂಕ್ ಜಪ್ಪಾ ಕಾರ್ಯಕ್ರಮ ನಡೆಯುತ್ತಿದ್ದಾಗ ಕ್ಯಾಸಿನೊ ಹೊತ್ತಿ ಉರಿಯಿತು; ಅದೇ ಕಟ್ಟಡದಲ್ಲಿ ಆಲ್ಬಂ ಧ್ವನಿಮುದ್ರಿಸಬೇಕೆಂದು ಬಂದಿದ್ದ ಡೀಪ್ ಪರ್ಪಲ್ ಸರೋವರದ ಮೇಲೆ ಹರಡಿದ ಆ ಹೊಗೆಯನ್ನೇ ಹಾಡಾಗಿಸಿತು. 1972ರಲ್ಲಿ ಬಂದ ಈ ಹಾಡು ಕೇಳುಗನಿಗೆ ಉಪಕಾರ ಮಾಡುವುದು ತನ್ನ ಆರಂಭದಿಂದ. ಮೊದಲು ಗಿಟಾರಿನ ರಿಫ್, ಅಂದರೆ ಮತ್ತೆ ಮತ್ತೆ ಮರಳುವ ಪುಟ್ಟ ಸ್ವರಗುಚ್ಛ, ಒಂದೇ. ಮುಂದಿನ ಸುತ್ತಿಗೆ ಹೈ-ಹ್ಯಾಟ್ ತಾಳದ ಚಿಟಿಚಿಟಿಯೂ ಆರ್ಗನ್ನೂ ಸೇರುತ್ತವೆ, ಆಮೇಲೆ ಉಳಿದ ಡ್ರಮ್ಮು, ಆಮೇಲೆ ಬೇಸ್, ಕೊನೆಗೆ ದನಿ. ಒಂದೊಂದೇ ವಾದ್ಯ ಬಂದು ಕೂರುವುದನ್ನು ಹೀಗೆ ಬಿಡಿಸಿ ಕೇಳಿದ ಕಿವಿ ಮುಂದೆ ಯಾವ ಹಾಡಿನಲ್ಲೂ ಅವುಗಳನ್ನು ಗುರುತು ಹಿಡಿಯುತ್ತದೆ. ಇನ್ನೂ ಒಂದು ಸೂಕ್ಷ್ಮ ಇದೆ. ಗಿಟಾರ್ ಕಲಿಯುವವರಲ್ಲಿ ಹಲವರು ಈ ರಿಫನ್ನು ಷಡ್ಜ-ಪಂಚಮದ ಜೋಡಿಯಾಗಿ, ಪ್ಲೆಕ್ಟ್ರಮ್ ಹಿಡಿದು ಬಾರಿಸುತ್ತಾರೆ. ರಿಚೀ ಬ್ಲ್ಯಾಕ್‌ಮೋರ್ ನುಡಿಸುವುದು ಷಡ್ಜ-ಮಧ್ಯಮದ ಅಂತರದಲ್ಲಿ, ಎರಡು ತಂತಿಗಳನ್ನೂ ಬೆರಳಿನಿಂದ ಒಟ್ಟಿಗೇ ಎಳೆದು. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ತಾಲೀಮಿನ ಕೋಣೆಯಲ್ಲಿ ಹಾಗೆ ಕೇಳುವ ಅವಕಾಶ ಇದೆ, ಕಾರ್ಯಕ್ರಮದಲ್ಲಿ ಇಲ್ಲ.

ಹೊಸಬರ ಕಣ್ಣು ಸಹಜವಾಗಿ ಗಿಟಾರಿನ ಸೋಲೋ ಮೇಲೆ ನೆಡುತ್ತದೆ. ಆದರೆ ಬ್ಯಾಂಡು ನಿಲ್ಲುವುದು, ಬೀಳುವುದು ಎಲ್ಲ ಕೆಳಗಿನ ಅಂತಸ್ತಿನಲ್ಲಿ, ಡ್ರಮ್ಮರ್‌ನ ಬಲಗಾಲು ಮತ್ತು ಬೇಸ್ ತಂತಿಯ ನಡುವೆ. ಕಾಲಿನ ಪೆಡಲು ಕಿಕ್ ಡ್ರಮ್ಮಿಗೆ ಹೊಡೆಯುವ ಗಳಿಗೆಯೂ ಬೇಸ್ ತಂತಿ ಮೀಟುವ ಗಳಿಗೆಯೂ ಒಂದಾದರೆ ಎರಡು ಸದ್ದು ಕೇಳಿಸುವುದಿಲ್ಲ. ದಪ್ಪನೆಯ ಒಂದೇ ಸದ್ದು ಎದೆಗೆ ತಾಗುತ್ತದೆ. ಎರಡರ ನಡುವೆ ಕೂದಲೆಳೆಯ ಬಿರುಕು ಬಿದ್ದರೂ ಹಾಡು ಸಡಿಲವಾಗುತ್ತದೆ, ಏಕೆಂದು ಹೇಳಲು ಬಾರದಿದ್ದರೂ ಎಲ್ಲರಿಗೂ ಅದು ಗೊತ್ತಾಗುತ್ತದೆ. ಹವ್ಯಾಸಿಗಳ ಇನ್ನೊಂದು ಪಾಡು ಲಯದ ಓಟ. ಕೋರಸ್ ಬಂತೆಂದರೆ ಉತ್ಸಾಹ, ಉತ್ಸಾಹ ಬಂತೆಂದರೆ ವೇಗ. ಚರಣದಿಂದ ಕೋರಸ್‌ಗೆ ದಾಟಿಸುವ ಡ್ರಮ್ಮಿನ ಸಣ್ಣ ತುಣುಕಿಗೆ ‘ಫಿಲ್’ ಎನ್ನುತ್ತಾರೆ, ನಮ್ಮ ಮೃದಂಗದ ಪುಟ್ಟ ಮುಕ್ತಾಯದಂತೆ. ಲಯ ಓಡುವುದು ಹೆಚ್ಚಾಗಿ ಅಲ್ಲೇ. ಆದ್ದರಿಂದ ಅದೇ ನಾಲ್ಕು ಸಾಲನ್ನು ಹತ್ತನೆಯ ಸಲ ನುಡಿಸುತ್ತಿದ್ದಾರೆಂದರೆ ಬಹಳ ಸಲ ಆ ಒಂದು ಫಿಲ್‌ನ ಆಚೆ ದಡ ಮುಟ್ಟಲಿಕ್ಕೇ.

ತಾಳ ಬಲ್ಲ ಕನ್ನಡಿಗ ರಸಿಕನಿಗೆ ಪಿಂಕ್ ಫ್ಲಾಯ್ಡ್‌ನ ‘ಮನಿ’ ಒಂದು ಹಬ್ಬ. 1973ರ ಈ ಹಾಡು ಏಳು ಎಣಿಕೆಯಲ್ಲಿ ನಡೆಯುತ್ತದೆ. ಮಿಶ್ರ ಛಾಪು ಕೇಳಿ ಬೆಳೆದವರಿಗೆ ಏಳು ಹೊಸದೇನಲ್ಲ. ಗಿಟಾರ್ ಸೋಲೋ ಬರುವ ಹೊತ್ತಿಗೆ ಅದು ನಾಲ್ಕು ಎಣಿಕೆಗೆ ಹೊರಳಿ, ಆಮೇಲೆ ಮತ್ತೆ ಏಳಕ್ಕೆ ಮರಳುತ್ತದೆ. ಆ ಎರಡು ತಿರುವುಗಳಲ್ಲಿ ತಂಡದವರೆಲ್ಲ ಒಬ್ಬರನ್ನೊಬ್ಬರು ನೋಡುತ್ತಾರೆ. ಡ್ರಮ್ಮರ್‌ನ ಮುಖ ಕಾಣುವಂತೆ ಕೂರಬೇಕಾದದ್ದು ಇದಕ್ಕೆ. ಹುಬ್ಬು ಏರುವುದು, ಗಲ್ಲ ತುಸು ಮೇಲೆ ಹೋಗುವುದು, ಗಿಟಾರಿನ ಕತ್ತು ಒಮ್ಮೆ ಕೆಳಗಿಳಿಯುವುದು: ಸಂಕೇತಗಳೆಂದರೆ ಇಷ್ಟೇ. ಮಾತು ಬೇಕಾದಾಗ ಅದು ಅಪ್ಪಟ ಬೆಂಗಳೂರಿನ ಮಾತು. “ಮಗಾ, ಸೆಕೆಂಡ್ ಕೋರಸ್ಸಿಂದ ತಗೊಳೋಣ, ಫಿಲ್ ಕೊಡು.”

ಹಾಡುವವರ ಶ್ರುತಿಯ ಮಾತು ಬಂದೇ ಬರುತ್ತದೆ. ಮೂಲದ ಎತ್ತರಕ್ಕೆ ದನಿ ಏರದಾಗ ತಂಡ ಒಂದು ಮನೆಯೋ ಎರಡು ಮನೆಯೋ ಇಳಿಸಿಕೊಳ್ಳುತ್ತದೆ. ಇದನ್ನು ಸೋಲೆಂದು ಭಾವಿಸುವ ಕೇಳುಗರಿದ್ದಾರೆ, ಅದು ತಪ್ಪು. 1976ರ ಆಲ್ಬಮ್ಮಿಗಾಗಿ ಈಗಲ್ಸ್ ‘ಹೋಟೆಲ್ ಕ್ಯಾಲಿಫೋರ್ನಿಯಾ’ವನ್ನು ಮೊದಲು ಇ ಮೈನರ್‌ನಲ್ಲಿ ಕಟ್ಟಿತ್ತು. ಡಾನ್ ಹೆನ್ಲಿಯ ಕಂಠಕ್ಕೆ ಅದು ತೀರ ಎತ್ತರವಾದ್ದರಿಂದ ಬಿ ಮೈನರ್‌ಗೆ ಇಳಿಸಿದರು. ಇಂದು ಜಗತ್ತು ‘ಮೂಲ’ ಎನ್ನುವುದೇ ಆ ಇಳಿಸಿದ ಶ್ರುತಿಯನ್ನು. ಜ್ಯಾಮ್ ರೂಮಿನ ಗಾಯಕಿ ತನ್ನ ಕಂಠಕ್ಕೆ ಒಗ್ಗುವ ಮನೆ ಹುಡುಕುವಾಗ ಅವರು ಮಾಡಿದ್ದನ್ನೇ ಮಾಡುತ್ತಿರುತ್ತಾಳೆ. ಶ್ರುತಿ ಇಳಿದಾಗ ಗಿಟಾರಿಸ್ಟ್ ತೆರೆದ ತಂತಿಯಲ್ಲಿ ನುಡಿಸುತ್ತಿದ್ದುದನ್ನು ಬೇರೆ ಬೆರಳಿನಲ್ಲಿ ಹಿಡಿಯಬೇಕಾಗುತ್ತದೆ, ಹಾಡಿನ ಬಣ್ಣವೇ ತುಸು ಬದಲಾಗುತ್ತದೆ. ಆ ಹೊಸ ಬಣ್ಣವನ್ನು ಕೇಳಿಸಿಕೊಳ್ಳುವುದು ರಸಿಕನ ಪಾಲಿನ ಕೆಲಸ.

ಹೊತ್ತು ಕಳೆದಂತೆ ಸದ್ದು ಏರುತ್ತದೆ. ಡ್ರಮ್ಮಿಗೆ ವಾಲ್ಯೂಮಿನ ಗುಂಡಿ ಇಲ್ಲ; ಅದು ಮೇಲಾದರೆ ಗಿಟಾರಿಸ್ಟ್ ಆ್ಯಂಪು ಏರಿಸುತ್ತಾನೆ, ಗಾಯಕಿ ತನ್ನ ದನಿಯೇ ಕೇಳದೆ ಮೈಕ್ ಏರಿಸುತ್ತಾಳೆ, ಸ್ಪೀಕರಿನ ಸದ್ದು ಮತ್ತೆ ಮೈಕಿನೊಳಗೆ ನುಗ್ಗಿ ಕೀಂಯ್ ಎಂದು ಕೂಗುತ್ತದೆ. ಆಗ ಯಾರಾದರೂ ಒಬ್ಬರು ಮೊದಲು ಇಳಿಸಬೇಕು. ಯಾರು ಇಳಿಸುತ್ತಾರೆ ಎಂದು ಗಮನಿಸಿದರೆ ತಂಡದಲ್ಲಿ ಚೆನ್ನಾಗಿ ಕೇಳಿಸಿಕೊಳ್ಳುವವರು ಯಾರೆಂದು ತಿಳಿದುಬಿಡುತ್ತದೆ. ಎಲ್ಲರಿಗಿಂತ ವೇಗವಾಗಿ ಬೆರಳಾಡಿಸುವವರು ಅವರೇ ಆಗಿರಬೇಕಿಲ್ಲ.

ಕೊನೆಯ ಅರ್ಧ ಗಂಟೆಯನ್ನು ಮಾತ್ರ ಯಾರೂ ತಪ್ಪಿಸಿಕೊಳ್ಳಬಾರದು, ಏಕೆಂದರೆ ಅಂತ್ಯಗಳನ್ನು ಕಟ್ಟುವುದು ಆಗ. ‘ಹೋಟೆಲ್ ಕ್ಯಾಲಿಫೋರ್ನಿಯಾ’ದ ಧ್ವನಿಮುದ್ರಿಕೆಯಲ್ಲಿ ಡಾನ್ ಫೆಲ್ಡರ್ ಮತ್ತು ಜೋ ವಾಲ್ಶ್ ಅವರ ಎರಡು ಗಿಟಾರುಗಳು ಸರದಿಯಲ್ಲಿ ಮಾತಾಡಿಕೊಂಡು, ಕೊನೆಗೆ ಜೊತೆಗೂಡಿ ಇಳಿಯುತ್ತಾ ದೂರಕ್ಕೆ ಕರಗಿಹೋಗುತ್ತವೆ. ಬೀಟಲ್ಸ್‌ನ 1968ರ ‘ಹೇ ಜೂಡ್’ ಏಳು ನಿಮಿಷ ದಾಟಿ ಹಾಗೆಯೇ ಮೆಲ್ಲಗೆ ಮರೆಯಾಗುತ್ತದೆ. ಸ್ಟುಡಿಯೊದಲ್ಲಿ ಗುಂಡಿ ತಿರುಗಿಸಿದರೆ ಸಾಕು. ಕೋಣೆಯೊಳಗಿನ ಐವರು ಹಾಗೆ ಮರೆಯಾಗಲಾರರು. ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಎಲ್ಲಿ, ಹೇಗೆ ಎಂದು ಮೂಲ ಹೇಳಿಕೊಡುವುದಿಲ್ಲ. ಆದ್ದರಿಂದ ಅಂತ್ಯ ಮಾತ್ರ ಕವರ್ ಬ್ಯಾಂಡಿನ ಸ್ವಂತ ರಚನೆ. ವೇಗ ಇಳಿಸಿ ನಿಲ್ಲೋಣ ಎನ್ನುತ್ತಾರೆ ಒಬ್ಬರು, ಒಂದೇ ಏಟಿಗೆ ಕತ್ತರಿಸೋಣ ಎನ್ನುತ್ತಾರೆ ಇನ್ನೊಬ್ಬರು. ಎರಡನ್ನೂ ನುಡಿಸಿ ನೋಡುತ್ತಾರೆ. ಹೊರಗೆ ಮುಂದಿನ ತಂಡ ಗಿಟಾರು ಚೀಲ ಹೊತ್ತು ಕಾಯುತ್ತಿರುತ್ತದೆ, ಬಾಗಿಲಿನ ಗಾಜಿನಲ್ಲಿ ಯಾರದೋ ಮುಖ ಇಣುಕುತ್ತದೆ. ಡ್ರಮ್ಮರ್ ಕೋಲುಗಳನ್ನು ತಾಕಿಸಿ ನಾಲ್ಕು ಎಣಿಸುತ್ತಾನೆ, ಎರಡು ಗಿಟಾರು ಒಟ್ಟಿಗೆ ಇಳಿಯುತ್ತವೆ, ಗಾಯಕಿ ಮೈಕಿನಿಂದ ಹಿಂದೆ ಸರಿದು ಉಳಿದವರ ಕಡೆ ತಿರುಗುತ್ತಾಳೆ. ಐವರೂ ಒಂದೇ ಏಟಿಗೆ ನಿಲ್ಲುತ್ತಾರೆ. ಸಿಂಬಲ್ ಇನ್ನೂ ನಡುಗುತ್ತಿರುವಾಗಲೇ ಡ್ರಮ್ಮರ್ ಕೈಚಾಚಿ ಅದನ್ನು ಹಿಡಿಯುತ್ತಾನೆ.