ಹಳೆಯ ಸ್ಥಿತಿಗೆ ಮರಳುವ ದಾರಿ
2000ನೇ ಇಸವಿಯ ವಿಂಡೋಸ್ ಎಂಇ ಬಗ್ಗೆ ಒಳ್ಳೆಯ ಮಾತಾಡುವವರು ಕಡಿಮೆ. ಆದರೆ ಸಿಸ್ಟಮ್ ರಿಸ್ಟೋರ್ ಎಂಬ ಸೊಗಸಾದ ಸೌಲಭ್ಯವನ್ನು ಮನೆ ಕಂಪ್ಯೂಟರಿಗೆ ತಂದದ್ದು ಅದೇ. ಹೊಸ ಪ್ರಿಂಟರ್ ಡ್ರೈವರ್ ಹಾಕಿದ ಮೇಲೆ ಯಂತ್ರ ಹಟ ಹಿಡಿಯಿತೆನ್ನಿ. ಹಳೆಯ ತಾರೀಖಿನ ರಿಸ್ಟೋರ್ ಪಾಯಿಂಟ್ (ಆಗ ಉಳಿಸಿಟ್ಟ ಸ್ಥಿತಿಯ ಗುರುತು) ಆರಿಸಿದರೆ ರಿಜಿಸ್ಟ್ರಿ, ಡ್ರೈವರ್, ಸಿಸ್ಟಮ್ ಫೈಲುಗಳು ಆ ದಿನದ ಸ್ಥಿತಿಗೆ ಮರಳುತ್ತವೆ. ನಿಮ್ಮ ಫೋಟೊ, ಪತ್ರಗಳ ತಂಟೆಗೆ ಅದು ಹೋಗುವುದಿಲ್ಲ. ನನಗೆ ಬಹಳ ಹಿಡಿಸಿದ್ದು ಇದರ ಮುಂದಾಲೋಚನೆ. ಹಿಂದಕ್ಕೆ ಹೋಗುವ ಮುನ್ನ ಸಾಮಾನ್ಯವಾಗಿ ಈಗಿನ ಸ್ಥಿತಿಯನ್ನೂ ಗುರುತಿಟ್ಟುಕೊಳ್ಳುತ್ತದೆ; ಬೇಡವೆನಿಸಿದರೆ ಆ ಮರಳುವಿಕೆಯನ್ನೇ ರದ್ದು ಮಾಡಬಹುದು! ಇದಕ್ಕೆ ಕೊಟ್ಟ ಜಾಗ ತುಂಬಿದರೆ ಹಳೆಯ ರಿಸ್ಟೋರ್ ಪಾಯಿಂಟುಗಳನ್ನು ತಾನೇ ಅಳಿಸುತ್ತದೆ. ಹಾರ್ಡ್ ಡಿಸ್ಕೇ ಕೈಕೊಟ್ಟರೆ ಮಾತ್ರ ಇದೂ ಅದರ ಜತೆಗೇ ಹೋಗುತ್ತದೆ. ಹಾಗಾಗಿ ಮಗುವಿನ ನಾಮಕರಣದ ಫೋಟೊಗಳಿಗೆ ಹೊರಗಿನ ಡಿಸ್ಕಿನಲ್ಲಿ ಬ್ಯಾಕಪ್ ಬೇಕೇ ಬೇಕು. ವಿಂಡೋಸ್ 10ರಲ್ಲಿ ಈ ಸೌಲಭ್ಯ ಎಷ್ಟೋ ಕಡೆ ಆಫ್ ಆಗಿಯೇ ಇರುತ್ತದೆ. ಸಿ ಡ್ರೈವಿನ ಪ್ರೊಟೆಕ್ಷನ್ ಆನ್ ಇದೆಯೇ ಎಂದು ಇವತ್ತೇ ನೋಡಿ.