ಕೆಂಪು ಮಂಡಿಯ ಜೇಡದ ಸಾಧುತನ

ಮೆಕ್ಸಿಕೋದ ಕೆಂಪು ಮಂಡಿಯ ಟರಾಂಟುಲಾಕ್ಕೆ ಸಿಕ್ಕಿರುವಷ್ಟು ಒಳ್ಳೆಯ ಹೆಸರು ಸಾಕುಜೇಡಗಳಲ್ಲಿ ಇನ್ನಾವುದಕ್ಕೂ ಸಿಕ್ಕಿಲ್ಲ. ಅಪರೂಪದ್ದು, ಅಂದವಾದದ್ದು, ಬಲು ಸಾಧು ಎನ್ನುತ್ತಾರೆ. ಮೊದಲ ಎರಡು ಮಾತಿಗೆ ನನ್ನ ತಕರಾರಿಲ್ಲ. ಮೂರನೆಯದನ್ನು ನಾನು ಒಪ್ಪುವುದಿಲ್ಲ. ಆ ಮಾತನ್ನು ನಂಬಿಕೊಂಡು ಜೇಡವನ್ನು ಅಂಗೈ ಮೇಲೆ ಹತ್ತಿಸಿಕೊಳ್ಳುವ ರೂಢಿ ಬೆಳೆದಿದೆ. ಅದು ನಿಲ್ಲಬೇಕು.

ಈ ಸಾಧುತನವನ್ನು ಪರೀಕ್ಷಿಸಲು 1981ರ 'ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್' ಚಿತ್ರದ ಗುಹೆಯ ದೃಶ್ಯ ಸಾಕು. ನಟ ಆಲ್ಫ್ರೆಡ್ ಮೊಲೀನಾ ಬೆನ್ನ ತುಂಬ ಟರಾಂಟುಲಾಗಳು. ಕ್ಯಾಮೆರಾ ಓಡತೊಡಗಿದರೂ ಅವು ಕದಲಲೇ ಇಲ್ಲವಂತೆ. ಗಂಡುಗಳ ನಡುವೆ ಒಂದು ಹೆಣ್ಣನ್ನು ಬಿಟ್ಟ ಕೂಡಲೇ ಎಲ್ಲವೂ ಹುಚ್ಚೆದ್ದು ಓಡಾಡಿದವು ಎಂದು ಮೊಲೀನಾ ಮುಂದೆ ಹೇಳಿಕೊಂಡಿದ್ದಾರೆ. ಇದನ್ನು ತಮಾಷೆಯ ಕತೆಯಾಗಿ ಹೇಳಿ ಮುಗಿಸುವವರೇ ಹೆಚ್ಚು. ಆದರೆ ಅದೇ ಜೇಡಗಳು, ಅದೇ ಬೆನ್ನು. ಮೊದಲಿನ ನಿಶ್ಚಲತೆಗೂ ಆ ಮನುಷ್ಯನಿಗೂ ಏನು ಸಂಬಂಧವಿತ್ತು? ಏನೂ ಇರಲಿಲ್ಲ. ಅವಕ್ಕೆ ಬೆನ್ನೂ ಒಂದೇ, ಬಂಡೆಯೂ ಒಂದೇ. ಎಂಟು ಕಣ್ಣಿದ್ದರೂ ಟರಾಂಟುಲಾದ ನೋಟ ಮಂದ. ಅದು ಲೋಕವನ್ನು ಅರಿಯುವುದು ಮುಖ್ಯವಾಗಿ ಮೈಗೂದಲಿಗೆ ತಾಗುವ ಕಂಪನದಿಂದ. ಬಿಲದ ಬಾಯಲ್ಲಿ ಹೊಂಚುಹಾಕಿ ಕೂರುವುದೇ ಅದರ ಕಸುಬು, ತಿಂಗಳುಗಟ್ಟಲೆ ಉಪವಾಸವಿರುವುದೂ ಅದಕ್ಕೆ ಸಾಧ್ಯ. ಇಂಥ ಪ್ರಾಣಿ ಅಂಗೈ ಮೇಲೆ ಸುಮ್ಮನೆ ಕೂತರೆ ಅದು ನೆಮ್ಮದಿಯೋ ದಿಗಿಲೋ, ಹೊರಗಿನಿಂದ ಹೇಳುವುದು ಹೇಗೆ? ಆದರೂ ನೋಡಿದವರೆಲ್ಲ ಅದನ್ನು ಒಲವೆಂದೇ ಓದುತ್ತಾರೆ.

ದಿಗಿಲಾದಾಗ ಈ ಜೇಡ ಹಿಂಗಾಲಿನಿಂದ ಹೊಟ್ಟೆಯನ್ನು ಉಜ್ಜಿ ಮುಳ್ಳುಗೂದಲನ್ನು ಗಾಳಿಗೆ ತೂರುತ್ತದೆ. ಇಷ್ಟೇ ಸಾಧುವೆಂದು ಹೆಸರಾದ ಚಿಲಿಯ ರೋಸ್ ಟರಾಂಟುಲಾವನ್ನು ಸಾಕಿದ್ದ ಇಂಗ್ಲೆಂಡಿನ ಲೀಡ್ಸ್‌ನ ಒಬ್ಬರ ಕಾರ್ನಿಯಾದಲ್ಲಿ ಅಂಥ ಕೂದಲು ನಾಟಿದ್ದನ್ನು ವೈದ್ಯರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿದರು. ಚಿಮಟದಿಂದಲೂ ತೆಗೆಯಲಾಗದಷ್ಟು ಸಣ್ಣ ಕೂದಲು. ಆತ ಜೇಡವನ್ನು ಎತ್ತಿಕೊಂಡೂ ಇರಲಿಲ್ಲ, ಬರೀ ಗಾಜಿನ ತೊಟ್ಟಿ ತೊಳೆಯುತ್ತಿದ್ದ. ಇನ್ನು ಜೇಡದ ಪಾಡು. ಅದರ ಹೊಟ್ಟೆಯ ಚರ್ಮ ತೆಳು. ಎದೆಯೆತ್ತರದಿಂದ ಬಿದ್ದರೆ ಒಡೆದು ಸಾಯಬಹುದು. ಎರಡು ದಶಕ ದಾಟಿ ಬಾಳಬಲ್ಲ ಹೆಣ್ಣನ್ನು ಒಂದು ಫೋಟೋಕ್ಕಾಗಿ ಆ ಎತ್ತರಕ್ಕೆ ಒಯ್ಯುವುದು ಕ್ರೌರ್ಯ.

ಪದೇಪದೇ ಎತ್ತಿಕೊಂಡರೆ ಕೈಗೆ ರೂಢಿಯಾಗುತ್ತದೆ ಎಂದು ಬರೆಯುವವರೂ ಇದ್ದಾರೆ. ಅವರು ಕೊಡುವ ಪುರಾವೆ ಒಂದೇ, ಜೇಡ ಓಡಲಿಲ್ಲ ಎಂಬುದು. ಮೊಲೀನಾ ಬೆನ್ನಿನ ಮೇಲೂ ಓಡಿರಲಿಲ್ಲ.

ಸಾಕುವುದೇ ತಪ್ಪು ಎನ್ನುವವರ ಜೊತೆಗೂ ನಾನಿಲ್ಲ. ಬಿಲ ತೋಡುವಷ್ಟು ಆಳದ ಒಣಮಣ್ಣು, ಮರೆಗೆ ತೊಗಟೆ, ಒಂದು ತಟ್ಟೆ ನೀರು ಇಟ್ಟು, ಪೊರೆ ಬಿಡಲು ಅಂಗಾತ ಮಲಗಿದಾಗ ಮುಟ್ಟದೆ ಕಾಯುವ ಸಾಕಣೆಗೆ ನನ್ನ ಪೂರ್ಣ ಗೌರವವಿದೆ. ಅದಕ್ಕೆ ಕಲಿಕೆ ಬೇಕು, ಸಂಯಮ ಬೇಕು. ಆದರೆ ವಾರಗಟ್ಟಲೆ ಕಾಣಿಸಿಕೊಳ್ಳದ ಜೇಡವನ್ನು ಯಾರೂ ಹೊಗಳುವುದಿಲ್ಲ.

ನನ್ನ ದೊಡ್ಡ ಜಗಳ, ಸಾಕುವುದನ್ನೇ ಸಂರಕ್ಷಣೆ ಎಂದು ಮಾರುವವರೊಡನೆ. ಕಾಡಿನಿಂದ ಹಿಡಿದು ಸಾಗಿಸುತ್ತಿದ್ದ ಕಾರಣಕ್ಕೇ 1985ರಲ್ಲಿ 'ಬ್ರಾಕಿಪೆಲ್ಮಾ ಸ್ಮಿತಿ' ಎಂದು ಕರೆಯುತ್ತಿದ್ದ ಈ ಜೇಡ, ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧ ಸೇರಿತು. ಆಮೇಲೆ ಮನೆಯಲ್ಲೇ ಹುಟ್ಟಿದ ಮರಿಗಳು ಮಾರುಕಟ್ಟೆಗೆ ಬಂದವು, ಅದು ಒಳ್ಳೆಯದೇ. ಆದರೆ 2017ರಲ್ಲಿ ಸಂಶೋಧಕರಾದ ಮೆಂಡೋಸಾ ಮತ್ತು ಫ್ರಾಂಕೆ ಈ ಕುಲದ ಕೆಂಪು ಮಂಡಿಯ ಜೇಡಗಳನ್ನು ಮರುಪರಿಶೀಲಿಸಿದಾಗ, ಸ್ಮಿತಿ ಎಂದು ಜಗತ್ತು ಸಾಕುತ್ತಿದ್ದುದರಲ್ಲಿ ಬಹುಪಾಲು 'ಹಮೋರಿ' ಎಂಬ ಬೇರೆಯೇ ಪ್ರಭೇದ ಎಂಬುದು ಸ್ಪಷ್ಟವಾಯಿತು. ಮೆಕ್ಸಿಕೋದ ಗೆರೆರೊ ಸೀಮೆಯ ಜೇಡ ಯಾವುದು, ಕೊಲೀಮ, ಹಲಿಸ್ಕೊ ಕಡೆಯದು ಯಾವುದು ಎಂದು ತಿಳಿಯದೆ ಕೂಡಿಸಿದ ಸಂತತಿಯನ್ನು ಯಾವ ಕಾಡಿಗೆ ಮರಳಿ ಬಿಡುವುದು? ಈ ಪ್ರಶ್ನೆಗೆ ಸಂರಕ್ಷಣೆಯ ಹೆಸರಲ್ಲಿ ಮಾರುವವರು ಉತ್ತರ ಕೊಡಲಿ.

ನಮ್ಮಲ್ಲೂ 2022ರ ವನ್ಯಜೀವಿ ಕಾಯ್ದೆ ತಿದ್ದುಪಡಿಯ ನಂತರ ಸೈಟ್ಸ್ ಪಟ್ಟಿಯ ಜೀವಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕು. ಮೂಲದ ದಾಖಲೆ ತೋರಿಸಲಾಗದ ಮಾರಾಟಗಾರ ಅದು ಎಷ್ಟೇ ಸಾಧು ಎಂದರೂ ಕೊಳ್ಳಬೇಡಿ.