ಕಡಲ ದಂಡೆಯ ಪ್ರೇಮ ಮತ್ತು ಬಿಡುವಿನ ಬೆಲೆ

ಬೆಣ್ಣೆಹಳ್ಳ ಬಂದು ಮಲಪ್ರಭೆಯನ್ನು ಸೇರುವುದು ರೋಣ ತಾಲ್ಲೂಕಿನ ಮೆಣಸಗಿಯ ಬಳಿ. ಹೊಳೆ ಇಲ್ಲಿಂದ ಪೂರ್ವಕ್ಕೆ ಹರಿಯುತ್ತದೆ. ದುಡಿಮೆ ಹುಡುಕುವ ಜನ ಪಶ್ಚಿಮಕ್ಕೆ, ಗೋವಾ-ಮಂಗಳೂರಿನ ಕಡೆಗೆ ಗುಳೆ ಹೋಗುತ್ತಾರೆ. ಈ ಸೀಮೆಯ ಎಷ್ಟೋ ಯುವಕರು ಕಡಲನ್ನು ಮೊದಲ ಸಲ ನೋಡುವುದು ರಜೆಯಲ್ಲಲ್ಲ, ಕೂಲಿಗೆ ಹೋದಾಗ. ಇಂಥ ಊರಿನ ಕಣ್ಣಿನಿಂದ ಫ್ರಾನ್ಸಿನ ಒಂದು ಕಡಲತೀರದ ಪ್ರೇಮಚಿತ್ರವನ್ನು ನೋಡಿದರೆ ನಮಗೇನು ಕಾಣುತ್ತದೆ?

ಎರಿಕ್ ರೋಮರ್ ನಿರ್ದೇಶಿಸಿದ 'ಬೇಸಿಗೆಯ ಕಥೆ' (1996) ಚಿತ್ರದಲ್ಲಿ ಘಟನೆಗಳು ಕಡಿಮೆ, ಮಾತು ಹೆಚ್ಚು. ಗಣಿತ ಓದಿದ, ಸಂಗೀತದ ಗೀಳಿರುವ ಗಾಸ್ಪಾರ್ ರಜೆ ಕಳೆಯಲು ಬ್ರಿಟನಿಯ ದಿನಾರ್ ಎಂಬ ಕಡಲೂರಿಗೆ ಬರುತ್ತಾನೆ. ಲೇನಾ ಎಂಬ ಹುಡುಗಿಗಾಗಿ ಕಾಯುತ್ತಾನೆ. ಅವಳು ಬರುವುದರೊಳಗೆ, ಹೋಟೆಲಿನಲ್ಲಿ ಕೆಲಸ ಮಾಡುವ ಮಾರ್ಗೋಳ ಸ್ನೇಹವಾಗುತ್ತದೆ. ಆಮೇಲೆ ಸೋಲೆನ್ ಸಿಗುತ್ತಾಳೆ. ಲೇನಾಳನ್ನು ನೆನೆದು ಕಟ್ಟುತ್ತಿದ್ದ ಹಾಡು ಸೋಲೆನ್ ಪಾಲಾಗುತ್ತದೆ. ಒಂದೇ ದ್ವೀಪಕ್ಕೆ ಕರೆದೊಯ್ಯುವ ಮಾತು ಮೂವರೊಂದಿಗೂ ಆಗಿರುತ್ತದೆ. ಕೊನೆಗೆ ಟೇಪ್ ರೆಕಾರ್ಡರೊಂದು ಮಾರಾಟಕ್ಕಿದೆ ಎಂಬ ಫೋನ್ ಕರೆಯೇ ಅವನಿಗೆ ನೆಪವಾಗುತ್ತದೆ. ಯಾರಿಗೂ ಕೊಟ್ಟ ಮಾತು ಉಳಿಸದೆ ದೋಣಿ ಹತ್ತಿಬಿಡುತ್ತಾನೆ.

ಫ್ರೆಂಚ್ ಚಿತ್ರವೆಂದರೆ ಮನೆಮಂದಿ ಮುಂದೆ ನೋಡಲಾಗದ್ದು ಎಂದು ಅಂಜುವವರು ನಮ್ಮಲ್ಲಿದ್ದಾರೆ. ಇಲ್ಲಿ ರೋಮರ್ ಪರೀಕ್ಷೆಗೊಡ್ಡುವುದು ಮೈಯನ್ನಲ್ಲ, ಮಾತನ್ನು. ಗಾಸ್ಪಾರ್ ದುಷ್ಟನಲ್ಲ, ಇಲ್ಲವೆನ್ನಲು ಧೈರ್ಯವಿಲ್ಲದ ಹುಡುಗ. ಕಣ್ಣೀರು ತರಿಸುವ ಹಿನ್ನೆಲೆ ಸಂಗೀತವಿಲ್ಲದೆ, ಉಪದೇಶವಿಲ್ಲದೆ, ದಂಡೆಯುದ್ದಕ್ಕೂ ಸಾಗುವ ಮಾತುಕತೆಯಲ್ಲೇ ಅವನ ಪುಕ್ಕಲುತನ ಬಯಲಾಗುತ್ತದೆ. ಇದು ದೊಡ್ಡ ನಿರ್ದೇಶಕನ ಕೆಲಸ.

ಆದರೆ ಇಷ್ಟು ನಿಧಾನವಾಗಿ ಮನಸ್ಸು ಬದಲಿಸುವ ಬಿಡುವು ಅವನಿಗೆ ಎಲ್ಲಿಂದ ಬಂತು? ಫ್ರಾನ್ಸಿನ ಕಾರ್ಮಿಕರು 1936ರಲ್ಲಿ ದೊಡ್ಡ ಮುಷ್ಕರಗಳ ನಂತರ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆಯ ಹಕ್ಕು ಪಡೆದರು. 1982ರಲ್ಲಿ ಅದು ಐದು ವಾರಗಳಾಯಿತು. ಕಡಲತೀರ ಸಿರಿವಂತರಿಗಷ್ಟೇ ಸೇರಿದ್ದಾಗಿ ಉಳಿಯಲಿಲ್ಲ. ಚಿತ್ರ ಇದನ್ನು ಹೇಳುವುದಿಲ್ಲ. ಅದರ ನೆಲ ಮಾತ್ರ ಇದೇ. ಒಂದು ಬೇಸಿಗೆ ಹಾಳಾದರೆ ಗಾಸ್ಪಾರ್‌ಗೆ ಇನ್ನೊಂದು ಬೇಸಿಗೆಯಿದೆ.

ನಮ್ಮ ಕಡಲ ಪ್ರೇಮಕಥೆ ಬೇರೆ. ಹೇಮಂತ್ ರಾವ್ ನಿರ್ದೇಶನದ 'ಸಪ್ತ ಸಾಗರದಾಚೆ ಎಲ್ಲೋ' 2023ರಲ್ಲಿ ಎರಡು ಭಾಗಗಳಲ್ಲಿ ಬಂತು. ಕಾರು ಚಾಲಕ ಮನು ಮತ್ತು ಹಾಡುವ ಹುಡುಗಿ ಪ್ರಿಯಾಗೆ ಕಡಲ ಬದಿಯಲ್ಲಿ ಒಂದು ಮನೆಯ ಕನಸು. ಅದಕ್ಕೆ ಬೇಕಾದ ಹಣಕ್ಕಾಗಿ ಮನು ಧಣಿಯ ಮಗ ಮಾಡಿದ ಅಪಘಾತವನ್ನು ತನ್ನ ತಲೆಗೆ ಕಟ್ಟಿಕೊಂಡು ಜೈಲು ಸೇರುತ್ತಾನೆ. ಅಲ್ಲಿ ಗಾಸ್ಪಾರ್‌ಗೆ ಕಾಲ ಪುಕ್ಕಟೆ ಸಿಕ್ಕಿತ್ತು; ಇಲ್ಲಿ ಮನು ಕಡಲಿಗಾಗಿ ತನ್ನ ಕಾಲವನ್ನೇ ಮಾರಬೇಕಾಯಿತು. ಬಡವನ ಬಿಡುಗಡೆ ಉಳ್ಳವನ ಮಾತಿನ ಮೇಲೆ ನಿಂತಿರುವುದನ್ನು ಮೊದಲ ಭಾಗ ಗಟ್ಟಿಯಾಗಿ ತೋರಿಸುತ್ತದೆ.

ನಮ್ಮ ತಕರಾರು ಎರಡನೆಯ ಭಾಗದ್ದು. ಜೈಲಿನಿಂದ ಹೊರಬಂದ ಮನು, ಬೇರೆಯವನನ್ನು ಮದುವೆಯಾಗಿರುವ ಪ್ರಿಯಾಳನ್ನು ಅವಳಿಗೆ ತಿಳಿಯದಂತೆ ಹಿಂಬಾಲಿಸುತ್ತಾನೆ, ಅವಳ ಸಂಸಾರ ಸರಿಪಡಿಸಲು ಹೊರಡುತ್ತಾನೆ. ಇದನ್ನು ಚಿತ್ರ ತ್ಯಾಗವೆಂಬಂತೆ ನೋಡುತ್ತದೆ. ಅವಳಿಗೆ ಇದು ಬೇಕೇ ಎಂದು ಯಾರೂ ಕೇಳುವುದಿಲ್ಲ. ಅನ್ಯಾಯಕ್ಕೊಳಗಾದವನ ನೋವು ದೊಡ್ಡದಿರಬಹುದು, ಆದರೆ ಅದು ಇನ್ನೊಬ್ಬರ ಬದುಕಿನೊಳಗೆ ನುಗ್ಗಲು ಪರವಾನಗಿಯಲ್ಲ. ರೋಮರ್‌ನ ಹುಡುಗಿಯರು ಗಾಸ್ಪಾರ್‌ನ ಮುಖಕ್ಕೇ ತಮಗನಿಸಿದ್ದನ್ನು ಹೇಳುತ್ತಾರೆ. ಪ್ರಿಯಾಗೆ ಆ ಅವಕಾಶ ಸಿಗಬೇಕಿತ್ತು.

ನಮ್ಮ ಹುಡುಗರ ಪ್ರೇಮಕ್ಕೆ ಜೈಲು, ರಕ್ತ, ತ್ಯಾಗಗಳಿಲ್ಲದೆ ಬೆಲೆ ಬರುವುದೇ ಇಲ್ಲವೇ? ಗುಳೆ ಹೋದ ಯುವಕನೊಬ್ಬ ಕೆಲಸವಿಲ್ಲದ ಒಂದು ಸಂಜೆ ದಂಡೆಯಲ್ಲಿ ಕುಳಿತು ಊರಿನ ಹುಡುಗಿಗೆ ಫೋನಿನಲ್ಲಿ ಏನು ಹೇಳುತ್ತಾನೆ, ಏನನ್ನು ಹೇಳಲಾರದೆ ಹೋಗುತ್ತಾನೆ? ಅದನ್ನು ರೋಮರ್‌ನಷ್ಟೇ ತಾಳ್ಮೆಯಿಂದ ಕೇಳಿಸಿಕೊಳ್ಳುವ ಕನ್ನಡ ಚಿತ್ರವೊಂದನ್ನು ನಾವು ಕಾಯುತ್ತಿದ್ದೇವೆ.